ರೈಲಿನ ಋಣ ಯಾರದು?

ಲಂಡನ್ನಿನ ರಾಜ್ಯೋತ್ಸವದ ಊಟದ ಸಾಲಿನಲ್ಲಿ ವರ್ಷವೂ ಕೇಳಿಬರುವ ಮಾತೊಂದಿದೆ: "ಏನೇ ಹೇಳಿ, ನಮಗೆ ರೈಲು ಕೊಟ್ಟವರು ಬ್ರಿಟಿಷರೇ ತಾನೆ?" ಹೀಗೆನ್ನುವವರು ಇಂಗ್ಲಿಷರಲ್ಲ, ಮಂಡ್ಯ, ಹಾಸನದ ಕಡೆಯ ನಮ್ಮವರೇ. ಎಲೆಗೆ ಹೋಳಿಗೆ ಬೀಳುವಷ್ಟರಲ್ಲಿ ಅಜ್ಜ, ಮುತ್ತಜ್ಜಂದಿರ ಲೆಕ್ಕವನ್ನೆಲ್ಲ ಮನ್ನಾ ಮಾಡಿಬಿಟ್ಟಿರುತ್ತಾರೆ. ಕೇಳಿದರೆ ಸಂಕಟವಾಗುತ್ತದೆ.

ಇಲ್ಲಿನ ಬ್ರಿಟಿಷರಲ್ಲೇ ತಮ್ಮ ಸಾಮ್ರಾಜ್ಯದ ಬಗೆಗಿನ ಹೆಮ್ಮೆ ಇಳಿದಿದೆ. ಯೂಗವ್ ಎಂಬ ಸಂಸ್ಥೆಯ ಜನಾಭಿಪ್ರಾಯ ಸಮೀಕ್ಷೆಯಲ್ಲಿ ಸಾಮ್ರಾಜ್ಯ ಹೆಮ್ಮೆಪಡುವಂಥದ್ದು ಎಂದ ಬ್ರಿಟಿಷರು 2014ರಲ್ಲಿ ಶೇ. 59, 2020ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶೇ. 32. ಆಳಿದವರ ಮೊಮ್ಮಕ್ಕಳು ಹಳೆಯ ಕಡತ ತೆಗೆಸಿ ನೋಡುತ್ತಿರುವಾಗ ನಾವು ಮಾತ್ರ ಕೈಮುಗಿದು ನಿಂತಿದ್ದೇವೆ.

ರೈಲಿನ ಲೆಕ್ಕವನ್ನೇ ನೋಡಿ. ರೈಲು ಹಾಕಿದ ಕಂಪನಿ ಲಂಡನ್ನಿನದು, ಷೇರು ಕೊಂಡವರೂ ಬಹುಪಾಲು ಬ್ರಿಟನ್ನಿನವರೇ. ಜಮೀನು ಪುಕ್ಕಟೆ, 99 ವರ್ಷಕ್ಕೆ. ಹಾಕಿದ ಬಂಡವಾಳಕ್ಕೆ ಸಾಮಾನ್ಯವಾಗಿ ಶೇ. 5 ಬಡ್ಡಿಯ ಗ್ಯಾರಂಟಿ. ನೂರು ರೂಪಾಯಿ ಹಾಕಿದವನಿಗೆ ರೈಲು ಮೂರೇ ರೂಪಾಯಿ ದುಡಿದುಕೊಟ್ಟರೆ ಉಳಿದೆರಡು ರೂಪಾಯಿ ಭಾರತದ ಖಜಾನೆಯಿಂದ, ಅಂದರೆ ರೈತ ಕಟ್ಟಿದ ಕಂದಾಯದಿಂದ ಹೋಗುತ್ತಿತ್ತು. ಎಷ್ಟು ಖರ್ಚಾದರೂ ಬಡ್ಡಿ ಖಚಿತವಾದ ಮೇಲೆ ಖರ್ಚಿಗೆ ಕಡಿವಾಣ ಹಾಕುವ ಗರಜು ಕಂಪನಿಗೆ ಇರಲಿಲ್ಲ. ಬೇಡವೆನಿಸಿದರೆ ದಾರಿಯನ್ನು ಸರ್ಕಾರಕ್ಕೆ ಒಪ್ಪಿಸಿ ಬಂಡವಾಳ ವಾಪಸ್ ಪಡೆಯಲೂ ಕರಾರಿನಲ್ಲಿ ಅವಕಾಶವಿತ್ತು. ಕಂಬಿ, ಇಂಜಿನ್ನುಗಳ ಆರ್ಡರ್ ಹೋಗುತ್ತಿದ್ದದ್ದೂ ಇಂಗ್ಲೆಂಡಿಗೇ. ಬೆಂಗಳೂರಿಗೆ 1864ರಲ್ಲಿ ಜೋಲಾರಪೇಟೆಯಿಂದ ರೈಲು ತಂದ ಮದ್ರಾಸ್ ರೈಲ್ವೆ ಇಂಥದ್ದೇ ಗ್ಯಾರಂಟಿ ಕಂಪನಿ.

ಇದು ಕೊಡುಗೆಯೇ? ದುಡ್ಡು ಕೊಟ್ಟವನನ್ನೇ ಋಣಿ ಎನ್ನುವುದು ಯಾವ ನ್ಯಾಯ?

ಇನ್ನು 1876–78ರ ಬರ. ಆಗ ಮೈಸೂರು ಮಹಾರಾಜರ ಕೈಯಲ್ಲಿರಲಿಲ್ಲ. 1831ರಿಂದ 1881ರವರೆಗೆ ಆಡಳಿತ ನಡೆಸಿದವರು ಬ್ರಿಟಿಷ್ ಕಮಿಷನರುಗಳು. 1871ರ ಜನಗಣತಿಯಲ್ಲಿ 50.55 ಲಕ್ಷವಿದ್ದ ಮೈಸೂರಿನ ಜನ 1881ಕ್ಕೆ 41.86 ಲಕ್ಷ. ಊರೂರೇ ಬರಿದಾದ ಆ ಬರವನ್ನು ನಮ್ಮವರು ಊಟದ ಸಾಲಿನಲ್ಲಿ ನೆನೆಯುವುದೇ ಇಲ್ಲ.

ಒಪ್ಪಬೇಕಾದದ್ದೂ ಇದೆ. ಆ ಬರದಲ್ಲಿ ಮದ್ರಾಸಿನಿಂದ ಬೆಂಗಳೂರಿಗೆ ಕಾಳು ತಂದದ್ದು ಅದೇ ರೈಲು. ಅಲ್ಲಿಂದಾಚೆ ಗಾಡಿ ಎಳೆಯಬೇಕಾದ ಎತ್ತುಗಳು ಮೇವಿಲ್ಲದೆ ಸತ್ತಿದ್ದವು. ಹಳ್ಳಿ ಹಳ್ಳಿಯ ಶಾಸನಗಳನ್ನು ಓದಿಸಿ ಅಚ್ಚು ಹಾಕಿಸಿದ ಬ್ರಿಟಿಷ್ ಅಧಿಕಾರಿ ಬಿ. ಎಲ್. ರೈಸ್ ಅವರ ಉಪಕಾರವನ್ನೂ ಕನ್ನಡಿಗರು ಮರೆಯುವಂತಿಲ್ಲ. ಇಲ್ಲಿನವರನ್ನು ತೀರಾ ಹೊಗಳುವಂತೆಯೂ ಇಲ್ಲ: ಸಾಮ್ರಾಜ್ಯದ ಬಗ್ಗೆ ನಾಚಿಕೆ ಎಂದವರು ಎರಡೂ ಸಮೀಕ್ಷೆಯಲ್ಲಿ ಶೇ. 19 ಮಾತ್ರ, ಎರಡನೆಯದರಲ್ಲಿ 'ಹೆಮ್ಮೆಯೂ ಅಲ್ಲ, ನಾಚಿಕೆಯೂ ಅಲ್ಲ' ಎಂಬ ಉತ್ತರಕ್ಕೂ ಜಾಗವಿತ್ತು; ಹೆಮ್ಮೆಯ ಅಂಕಿ ಇಳಿದದ್ದರಲ್ಲಿ ಅದರ ಪಾಲೂ ಇರಬಹುದು. ಊರಿನ ರಸ್ತೆಯ ಗುಂಡಿ ನೋಡಿ ರೋಸಿಹೋದವರು ಹಳೆಯ ಸೇತುವೆಯನ್ನು ಹೊಗಳುವುದೂ ಅರ್ಥವಾಗುತ್ತದೆ.

ಆದರೆ ಮಂಡ್ಯದವರು ದಿನವೂ ಹತ್ತುವ ಬೆಂಗಳೂರು–ಮೈಸೂರು ರೈಲು ದಾರಿ ಮೈಸೂರು ಸಂಸ್ಥಾನದ ದುಡ್ಡಿನದು. ಅದರ ಮಣ್ಣು ಕೆಲಸ ಶುರುವಾದದ್ದೇ ಬರದ ಕಾಮಗಾರಿಯಾಗಿ. ಹಸಿದವರು ಕೂಲಿಕಾಳಿಗೆ ಬುಟ್ಟಿ ಹೊತ್ತು ಏರಿ ಹಾಕಿದರು. 1882ರಲ್ಲಿ ರೈಲು ಮೈಸೂರು ಮುಟ್ಟಿದ್ದು ಆ ಏರಿಯ ಮೇಲೆ.