ಪಿಸುಮಾತಿಗೆ ಮೂರು ಸಾವಿರ ವೋಲ್ಟ್

ರಾತ್ರಿ 10 ಗಂಟೆಯ ನಂತರ ಮೈಕ್ ಹಾಕಿದರೆ ಕಠಿಣ ಕ್ರಮವಂತೆ. ಚೌತಿ ಹತ್ತಿರ ಬಂತಲ್ವಾ, ಅಧಿಕಾರಿಗಳು ಮತ್ತೆ ಹೇಳಿದ್ದಾರೆ. ಇದನ್ನು ಮೈಕಿನಲ್ಲೇ ಹೇಳಿದ್ದರೆ ಊರಿಗೆಲ್ಲ ಕೇಳಿಸುತ್ತಿತ್ತು. ಅರ್ಥ ಆಗುತ್ತಿರಲಿಲ್ಲ, ಅದು ಬೇರೆ ಮಾತು. ರಿಕ್ಷಾದ ಮೇಲೆ ಕಟ್ಟಿದ ಆ ಹಾರ್ನು ಏನು ಸಾರುತ್ತಾ ಹೋಗುತ್ತದೆ ಅಂತ ಕದ್ರಿಯಿಂದ ಕಂಕನಾಡಿವರೆಗೆ ಯಾರನ್ನಾದರೂ ಕೇಳಿ. ಕೊನೆಯ 'ಬೇಕಾಗಿ ವಿನಂತಿ' ಒಂದು ಬಿಟ್ಟು ಯಾರಿಗೂ ಏನೂ ಗೊತ್ತಿಲ್ಲ.

ಇಂಥ ಮಂಗಳೂರಿನಲ್ಲಿ ಕೂತು ನಮ್ಮ ಭಾವ ಸ್ಪಷ್ಟವಾದ ಮಾತು ಕೇಳಬೇಕೆಂದು ಹಠ ಹಿಡಿದಿದ್ದಾರೆ. ಹೋಮ್ ಥಿಯೇಟರಿನ ಸೆಂಟರ್ ಚಾನೆಲ್ಲನ್ನು ಎಲೆಕ್ಟ್ರೋಸ್ಟಾಟಿಕ್ ಪ್ಯಾನೆಲ್ ಹಾಕಿ ತಾವೇ ಕಟ್ಟಿದ್ದಾರೆ. ಸಿನಿಮಾದ ಮಾತು ಹೆಚ್ಚುಪಾಲು ಬರುವುದು ಟಿವಿಯ ಕೆಳಗಿನ ಈ ನಡುವಿನ ಸ್ಪೀಕರಿನಿಂದಲೇ. ಅದು ಸರಿಯಿಲ್ಲದಿದ್ದರೆ ಬಾಂಬು ಕೇಳಿಸುತ್ತದೆ, ಹೀರೋ ಏನಂದ ಅಂತ ಕೇಳಿಸುವುದಿಲ್ಲ.

ಇದು ಅಂತಿಂಥ ಸ್ಪೀಕರ್ ಅಲ್ಲ ಮಾರಾಯ್ರೆ. ಕೋನ್ ಇಲ್ಲ, ಕಾಯಿಲ್ ಇಲ್ಲ. ತೂತು ಕೊರೆದ ಎರಡು ಲೋಹದ ತಗಡು, ನಡುವೆ ಕೂದಲಿಗಿಂತ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ. ಹಾಳೆಗೆ ಮೂರು ಸಾವಿರ ವೋಲ್ಟ್ ಕೊಟ್ಟಿದ್ದಾರೆ. ಸಿಗ್ನಲ್ಲನ್ನು ಟ್ರಾನ್ಸ್‌ಫಾರ್ಮರಿನಲ್ಲಿ ಏರಿಸಿ ತಗಡಿಗೆ ಬಿಟ್ಟರೆ ಹಾಳೆ ಅತ್ತಿತ್ತ ಅದುರುತ್ತದೆ, ದನಿ ಹೊರಡುತ್ತದೆ. ಕ್ವಾಡ್ ಎಂಬ ಹೆಸರಲ್ಲಿ ಇಂಗ್ಲೆಂಡಿನವರು 1957ರಲ್ಲೇ ಇಂಥದ್ದೊಂದನ್ನು ಮಾರಾಟಕ್ಕೆ ತಂದರು. ಮನುಷ್ಯರ ದನಿಗೆ ಅದನ್ನು ಮೀರಿಸಿದ್ದು ಇಲ್ಲ ಎನ್ನುವವರು ಇವತ್ತಿಗೂ ಇದ್ದಾರೆ. ಒಬ್ಬರು ನಮ್ಮ ಮನೆಯವರೇ.

ಕ್ವಾಡ್‌ನವರಿಗೆ ಕರಾವಳಿಯ ಮಳೆಗಾಲದ ಆಟಿ ತಿಂಗಳು ಗೊತ್ತಿರಲಿಲ್ಲ ಪಾಪ. ಕಪಾಟಿನಲ್ಲಿಟ್ಟ ಬೆಲ್ಟಿಗೆ ಬೂಷ್ಟು ಹಿಡಿಯುವ ಊರಿದು. ತೇವಕ್ಕೆ ಹಾಳೆಯ ಚಾರ್ಜ್ ಸೋರಿಹೋಗುತ್ತದೆ. ದನಿ ಕುಗ್ಗುತ್ತದೆ, ಒಮ್ಮೊಮ್ಮೆ ಚಿಟಿಚಿಟಿ ಅನ್ನುತ್ತದೆ. ಭಾವ ತೇವ ಹೀರುವ ಮಿಷನ್ ತಂದರು. ಈಗ ಆ ಮಿಷನ್ನಿನ ಗರಗರದಲ್ಲಿ ಹೀರೋಯಿನ್ನಿನ ಪಿಸುಮಾತು ಕೇಳಿಸುವುದಿಲ್ಲ.

ಇನ್ನೊಂದು ತಾಪತ್ರಯ ಉಂಟು. ಈ ಪ್ಯಾನೆಲ್ ಮುಂದಕ್ಕೆ ಎಷ್ಟೋ ಹಿಂದಕ್ಕೂ ಅಷ್ಟೇ ದನಿ ಬಿಡುತ್ತದೆ. ಗೋಡೆಗೆ ತಾಗಿಸುವ ಹಾಗಿಲ್ಲ. ಹಾಗಾಗಿ ಟಿವಿ ಹಾಲಿನ ಮಧ್ಯಕ್ಕೆ ಬಂತು, ಊಟದ ಮೇಜು ಜಗಲಿಗೆ ಹೋಯಿತು. ಚಪ್ಪಟೆ ಪ್ಯಾನೆಲ್ಲನ್ನು ಅಡ್ಡ ಮಲಗಿಸಿದ್ದರಿಂದ ತಾರಕದ ದನಿ ಟಾರ್ಚ್ ಲೈಟಿನ ಹಾಗೆ ನೆಟ್ಟಗೆ ಒಂದೇ ಕುರ್ಚಿಗೆ ಬೀಳುತ್ತದೆ. ಯಾರ ಕುರ್ಚಿ ಅಂತ ಹೇಳಬೇಕಾಗಿಲ್ಲ.

"ಅವ ಎಂತ ಹೇಳಿದ್ದು ಮಾರ್ರೆ?" ಅಂತ ಬದಿಯಿಂದ ಅಕ್ಕ ಕೇಳುತ್ತಾಳೆ.

"ಶ್ಶ್, ಕೇಳಿಸುವುದಿಲ್ಲ!"

ನಮ್ಮ ಅಜ್ಜ ಹೇಳುತ್ತಿದ್ದರು, ಮೈಕ್ ಇಲ್ಲದ ಕಾಲದಲ್ಲಿ ಗದ್ದೆಯಲ್ಲಿ ಯಕ್ಷಗಾನದ ಆಟ ಆದರೆ ಭಾಗವತರ ಪದ ಕೊನೆಯ ಚಾಪೆಯವರೆಗೂ ಅಕ್ಷರ ಬಿಡದೆ ಕೇಳುತ್ತಿತ್ತಂತೆ. ಈಗ ಮೈಕೂ ಉಂಟು, ಎಕೋನೂ ಉಂಟು. ದೇವೇಂದ್ರ ಒಂದು ಸಲ ಗದರಿದರೆ ಮೂರು ಸಲ ಕೇಳುತ್ತದೆ, ಒಂದು ಸಲವೂ ತಿಳಿಯುವುದಿಲ್ಲ. ಬೆಳಗಿನವರೆಗೆ ನಡೆಯುತ್ತಿದ್ದ ಆಟ ಎಷ್ಟೋ ಕಡೆ ಕಾಲಮಿತಿಗೆ ಬಂದಿದೆ. ಮಹಿಷಾಸುರ ಗಡಿಯಾರ ನೋಡಿಕೊಂಡು ಸಾಯುತ್ತಾನೆ. ಒಳ್ಳೆಯ ಶಿಸ್ತು. ಮೆರವಣಿಗೆಯ ಡಿಜೆಗೆ ಮಾತ್ರ ಆ ಗಡಿಯಾರ ಯಾರೂ ಕೊಟ್ಟಿಲ್ಲ.

ಸದ್ದಿನ ನಿಯಮ 2000ನೇ ಇಸವಿಯದ್ದು. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ಹಬ್ಬ ಉತ್ಸವಕ್ಕೆ ವರ್ಷದಲ್ಲಿ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಆ ಹದಿನೈದನ್ನು ನಾವು ಒಂದೇ ತಿಂಗಳಲ್ಲಿ ಮುಗಿಸುವವರು. ಅಳೆಯುವವರು ಯಾರು? ಫೋನ್ ಮಾಡಿದರೆ ಸದ್ದು ಎಷ್ಟುಂಟು ಅಂತ ಕೇಳುವುದಿಲ್ಲ, ಯಾರ ಕಾರ್ಯಕ್ರಮ ಅಂತ ಕೇಳುತ್ತಾರೆ. ಯಾರದ್ದಾದರೆ ಏನು ಸ್ವಾಮಿ? ಕಿಟಕಿಯ ಗಾಜು ನಡುಗುತ್ತಿದೆ. ಒಳಗೆ ಆಪರೇಷನ್ ಆಗಿ ಮಲಗಿದ ಮುದುಕರಿದ್ದಾರೆ. ಹೇಳಿ ಹೇಳಿ ಬಾಯಿ ನೋಯುತ್ತದೆ, ಸಾಕಾಗಿದೆ.

ಭಾವನ ಪ್ಯಾನೆಲ್ಲಿನಲ್ಲಿ ಇನ್ನೂ ಒಂದು ಕೊರತೆ ಉಂಟು. ಎಲೆಕ್ಟ್ರೋಸ್ಟಾಟಿಕ್‌ನಲ್ಲಿ ಬೇಸ್, ಅಂದರೆ ಗುಡುಗುಡು ಅನ್ನುವ ತಗ್ಗಿನ ದನಿ ಕಡಿಮೆ. ಅದಕ್ಕೆ ಸಬ್‌ವೂಫರ್ ಎಂಬ ಸ್ಪೀಕರ್ ಬೇರೆಯೇ ಬೇಕು. "ಯಾವಾಗ ತರ್ತೀರಿ ಭಾವ?" ಅಂತ ಕೇಳಿದೆ.

"ದಸರಾ ಮುಗಿಯಲಿ ಮಾರಾಯ," ಅಂದರು. "ಅಲ್ಲಿಯವರೆಗೆ ಹೊರಗಿನಿಂದ ಧರ್ಮಕ್ಕೆ ಬರ್ತದೆ."