ಆಲೂ ಟಿಕ್ಕಿ ಕೇಳಿದ ಹುಡುಗ

ಕಳೆದ ಭಾನುವಾರ ಅಕ್ಕನ ಮಗ ಮೂವರು ಗೆಳೆಯರನ್ನು ಕರೆದುಕೊಂಡು ಮನೆಗೆ ಬಂದಿದ್ದ. ಎಲ್ಲರೂ ಪಿಯುಸಿ ಹುಡುಗರು. ಬರ್ಗರ್ ತರಿಸಿದೆವು. ಮೂವರಿಗೆ ಡಬಲ್ ಚಿಕನ್, ಒಬ್ಬನಿಗೆ ಆಲೂ ಟಿಕ್ಕಿ. ಪೊಟ್ಟಣ ಬಿಚ್ಚಿದ್ದೇ ತಡ, "ಲೋ, ಇದು ಹುಡ್ಗೀರು ತಿನ್ನೋದು ಕಣೋ" ಎಂದ ಒಬ್ಬ. ಎಲ್ಲರೂ ನಕ್ಕರು. ಆ ಹುಡುಗನೂ ನಕ್ಕ. ಆಮೇಲೆ ಎರಡು ತುತ್ತು ತಿಂದು, ಕಾಗದ ನಿಧಾನವಾಗಿ ಮಡಚಿ ಪಕ್ಕಕ್ಕಿಟ್ಟ. ಹಸಿವಿಲ್ಲ ಆಂಟಿ ಎಂದ. ಬೆರಳಿನ ಸಾಸ್ ಮಾತ್ರ ನೆಕ್ಕುತ್ತಿದ್ದ.

ಕರುಳು ಚುರುಕ್ ಎಂದಿತು. ತಿನ್ನೋ ಬನ್ನಿಗೂ ಗಂಡಸ್ತನಕ್ಕೂ ಎಲ್ಲಿಂದೆಲ್ಲಿಯ ಸಂಬಂಧ?

ಸಂಬಂಧ ಇದೆ. ಅದನ್ನು ಅಮೆರಿಕದಲ್ಲಿ ವ್ಯಾಪಾರಿಗಳು ಕೂತು ಕಟ್ಟಿದರು. 1921ರಲ್ಲಿ ಕ್ಯಾನ್ಸಸ್‌ನ ವಿಚಿಟಾ ಊರಲ್ಲಿ ವೈಟ್ ಕ್ಯಾಸಲ್ ಎಂಬ ಬರ್ಗರ್ ಕಂಪನಿ ಶುರುವಾದಾಗ ಬರ್ಗರ್‌ಗೆ 5 ಸೆಂಟ್. ಕಾರ್ಖಾನೆ ಕೆಲಸದವರ ಹೊಟ್ಟೆ ತುಂಬಿಸುವ ತಿಂಡಿ ಅದು. ಗಿರಾಕಿಗಳು ಜಾಸ್ತಿ ಗಂಡಸರೇ. ಗೃಹಿಣಿಯರೂ ಬೇಕು ಅನಿಸಿದಾಗ, 1932ರಲ್ಲಿ ಕಂಪನಿ ಎಲಾ ಲೂಯಿಸ್ ಆಗ್ನಿಯಲ್ ಎಂಬ ಮಹಿಳೆಯನ್ನು ಕೆಲಸಕ್ಕಿಟ್ಟುಕೊಂಡಿತು. ಆಕೆ 'ಜೂಲಿಯಾ ಜಾಯ್ಸ್' ಎಂಬ ಹೆಸರಲ್ಲಿ ಮಹಿಳಾ ಕ್ಲಬ್ಬುಗಳಿಗೆ ಬರ್ಗರ್ ಹೊತ್ತುಕೊಂಡು ಹೋಗುತ್ತಿದ್ದಳು. ಅದೇ ಕಂಪನಿಯ ಕೌಂಟರಿನ ಹಿಂದೆ ಮಾತ್ರ ಬರೀ ಗಂಡಸರು! ಎರಡನೇ ಮಹಾಯುದ್ಧದಲ್ಲಿ ಆಳು ಸಿಗದೇ ಹೋದಾಗಲೇ ಅಲ್ಲಿ ಹೆಂಗಸರಿಗೆ ಜಾಗ ಸಿಕ್ಕಿದ್ದು.

ನನಗೆ ಜಾಸ್ತಿ ಸಿಟ್ಟು ತರಿಸುವುದು 1948. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ ಮೆಕ್‌ಡೊನಾಲ್ಡ್ ಸಹೋದರರು ತಮ್ಮ ಹೋಟೆಲನ್ನು ಸ್ವಲ್ಪ ಕಾಲ ಮುಚ್ಚಿ, ಕಾರಿನ ಹತ್ತಿರ ತಿಂಡಿ ತಂದುಕೊಡುತ್ತಿದ್ದ ಕಾರ್‌ಹಾಪ್ ಹುಡುಗಿಯರನ್ನೆಲ್ಲ ಕೆಲಸದಿಂದ ತೆಗೆದರು. ಹುಡುಗಿಯರನ್ನು ನೋಡಲು ಪಡ್ಡೆ ಹುಡುಗರು ಗುಂಪು ಕಟ್ಟುತ್ತಾರೆ, ಸಂಸಾರಸ್ಥರು ಬರಲ್ಲ ಅನ್ನುವುದು ಒಂದು ಕಾರಣ. ಕಾಟ ಕೊಟ್ಟವರು ಹುಡುಗರು, ಕೆಲಸ ಹೋಗಿದ್ದು ಹುಡುಗಿಯರದ್ದು! ಆಮೇಲೆ ಬಂದು ಮೆಕ್‌ಡೊನಾಲ್ಡ್ಸ್ ಕಂಪನಿಯನ್ನು ಬೆಳೆಸಿದ ರೇ ಕ್ರಾಕ್ ಕೂಡ 1960ರ ದಶಕದ ಕೊನೆಯವರೆಗೂ ಹೆಂಗಸರನ್ನು ಕೆಲಸಕ್ಕೆ ಸೇರಿಸಿಕೊಳ್ಳಲು ಒಪ್ಪಲಿಲ್ಲ.

ಇನ್ನು ಜಾಹೀರಾತು. 2006ರಲ್ಲಿ ಬರ್ಗರ್ ಕಿಂಗ್‌ನವರು, 1972ರಲ್ಲಿ ಅಮೆರಿಕದ ಹೆಂಗಸರು ಹೋರಾಟದ ಹಾಡು ಮಾಡಿಕೊಂಡಿದ್ದ ಗಾಯಕಿ ಹೆಲೆನ್ ರೆಡ್ಡಿಯ ಹಾಡಿನ ಧಾಟಿಯನ್ನೇ ಎತ್ತಿಕೊಂಡು ಅದಕ್ಕೆ ಗಂಡಸರ ಪದ ಹಾಕಿದರು. ಹೆಂಗಸರ ಊಟ ನಮಗೆ ಸಾಲಲ್ಲ ಅಂತ ಹಾಡುತ್ತಾ, ಬರ್ಗರ್ ಹಿಡಿದು ಬೀದಿ ತುಂಬ ಗಂಡಸರ ಮೆರವಣಿಗೆ. ಹಕ್ಕು ಕೇಳಿದ ಹಾಡಲ್ಲೇ ಹೆಂಗಸರನ್ನು ಹಂಗಿಸುವುದು ನನಗೆ ತಮಾಷೆ ಅನಿಸಲೇ ಇಲ್ಲ.

ಅವತ್ತು ಹುಡುಗರಿಗೆ ಇಷ್ಟೆಲ್ಲ ಹೇಳಲಿಲ್ಲ. 1996ರಲ್ಲಿ ಮೆಕ್‌ಡೊನಾಲ್ಡ್ಸ್ ದೆಹಲಿಗೆ ಬಂದಾಗ ದನದ ಮಾಂಸ ಬಿಟ್ಟೇ ಬಂತು, ನಮ್ಮಲ್ಲಿ ಬರ್ಗರ್ ಮನೆಮಾತಾಗಿದ್ದು ಆಲೂಗಡ್ಡೆಯಿಂದಲೇ ಕಣ್ರೋ ಎಂದೆ. ಅಕ್ಕನ ಮಗ ತಲೆ ತಗ್ಗಿಸಿ ಚಿಪ್ಸ್ ಹೆಕ್ಕುತ್ತಿದ್ದ.

ಹೊರಡುವಾಗ ಆ ಪೊಟ್ಟಣ ತಂದು ಹುಡುಗನ ಬ್ಯಾಗಿಗೆ ಹಾಕಿದೆ. ಬೇಡ ಅನ್ನಲಿಲ್ಲ.