ವಿಯೆನ್ನಾದ ಮೆನುವಿನಲ್ಲಿ ನನಗೆ ಸಿಕ್ಕಿದ್ದು ಅಕ್ಷರಮಾಲೆ ಮಾತ್ರ

ಆಸ್ಟ್ರಿಯಾದ ರಾಜಧಾನಿ ವಿಯೆನ್ನಾಕ್ಕೆ ಹೊರಟಾಗ ಕಂಡಕಂಡವರೆಲ್ಲ ಹೇಳಿದ್ದು ಒಂದೇ ಮಾತು: ಯುರೋಪಿನಲ್ಲಿ ನಿನಗೇನು ಚಿಂತೆ, ಯಾವ ತಿನಿಸಿನಲ್ಲಿ ಏನೇನಿದೆ ಎಂದು ಅಲ್ಲಿ ಎಲ್ಲದರ ಮೇಲೂ ಬರೆದಿರುತ್ತಾರೆ. ಹೌದು, ಬರೆದಿರುತ್ತಾರೆ. ಓದಿದರೆ ಹೊಟ್ಟೆ ತುಂಬುವಂತಿದ್ದರೆ ನಾನು ಆ ಊರಿನಲ್ಲಿ ಮೂರು ಹೊತ್ತೂ ಉಂಡು ತೇಗುತ್ತಿದ್ದೆ.

ನನಗಿರುವುದು ಸೀಲಿಯಾಕ್ ಕಾಯಿಲೆ. ಶೋಕಿಯಲ್ಲ, ತೂಕ ಇಳಿಸುವ ವ್ರತವೂ ಅಲ್ಲ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದರೆ ನನ್ನದೇ ರೋಗನಿರೋಧಕ ವ್ಯವಸ್ಥೆ ಸಣ್ಣ ಕರುಳಿನ ಒಳಪದರದ ಮೇಲೆ ಎರಗುತ್ತದೆ. ಇದಕ್ಕೆ ಮಾತ್ರೆಯಿಲ್ಲ, ಬದುಕಿರುವಷ್ಟು ದಿನ ಪಥ್ಯವೊಂದೇ ಗತಿ. ಊರಿನಲ್ಲಿ ಇದು ಹೊರಲಾರದ ಹೊರೆಯೇನಲ್ಲ. ಅಕ್ಕಿ ರೊಟ್ಟಿ, ಜೋಳದ ರೊಟ್ಟಿ, ರಾಗಿ ಮುದ್ದೆ, ಇಡ್ಲಿ, ಅನ್ನ ಇರುವ ನಾಡಿನಲ್ಲಿ ಹುಟ್ಟಿದವಳು ನಾನು. ಚಪಾತಿ, ರವೆ, ಶಾವಿಗೆ, ಬೇಕರಿ ತಿಂಡಿ ಬಿಟ್ಟೆ, ಅಷ್ಟೆ. ಕಷ್ಟ ಶುರುವಾಗುವುದು ಬ್ರೆಡ್ಡನ್ನೇ ಅನ್ನವೆಂದು ತಿಳಿದ ಊರಿಗೆ ಕಾಲಿಟ್ಟಾಗ.

ಈಗ ಆ ಬರಹದ ವಿಷಯಕ್ಕೆ ಬರುತ್ತೇನೆ. 2014ರ ಡಿಸೆಂಬರಿನಿಂದ ಐರೋಪ್ಯ ಒಕ್ಕೂಟದಲ್ಲಿ ಒಂದು ನಿಯಮವಿದೆ. ಹೋಟೆಲಿನಲ್ಲಿ ಬಡಿಸುವ ಆಹಾರಕ್ಕೂ 14 ಬಗೆಯ ಅಲರ್ಜಿಕಾರಕಗಳ ಮಾಹಿತಿ ಕೊಡಲೇಬೇಕು. ಆಸ್ಟ್ರಿಯಾದವರು ಅದನ್ನು ಅಕ್ಷರಗಳಿಗೆ ಇಳಿಸಿಕೊಂಡಿದ್ದಾರೆ. ಎ ಎಂದರೆ ಗ್ಲುಟೆನ್ ಇರುವ ಧಾನ್ಯ, ಸಿ ಎಂದರೆ ಮೊಟ್ಟೆ, ಜಿ ಎಂದರೆ ಹಾಲು, ಎಲ್ ಎಂದರೆ ಸೆಲರಿ. ಮೆನುವಿನ ಪ್ರತಿ ತಿನಿಸಿನ ಪಕ್ಕದಲ್ಲೂ ಪುಟ್ಟ ಅಕ್ಷರಗಳ ಸಾಲು. ಮೊದಲ ಸಲ ನೋಡಿದಾಗ ಕೈ ಮುಗಿಯಬೇಕೆನಿಸುತ್ತದೆ. ಆಮೇಲೆ ಬೆರಳಿಟ್ಟು ಓದುತ್ತಾ ಹೋದಂತೆ ಕೈ ಕೆಳಗಿಳಿಯುತ್ತದೆ. ಬ್ರೆಡ್ ಪುಡಿ ಮೆತ್ತಿ ಕರಿದ ಮಾಂಸದ ಶ್ನಿಟ್ಸೆಲ್‌ಗೆ ಎ. ಕ್ನೋಡೆಲ್ ಎಂಬ ಉಂಡೆಗೆ ಎ. ಹಿಟ್ಟಿನ ತೆಳು ಹಾಳೆಯಲ್ಲಿ ಸೇಬು ಸುತ್ತಿದ ಸ್ಟ್ರೂಡಲ್‌ಗೆ ಎ. ಸೂಪಿಗೂ ಎ, ಏಕೆಂದರೆ ಅದರೊಳಗೆ ತೆಳು ಪ್ಯಾನ್‌ಕೇಕನ್ನು ಎಳೆ ಎಳೆಯಾಗಿ ಕತ್ತರಿಸಿ ಹಾಕಿರುತ್ತಾರೆ. ಪಾಪ, ಪಾಲಕ್ ಸೊಪ್ಪಿಗೂ ಎ! ಅದನ್ನು ಬೆಣ್ಣೆಯಲ್ಲಿ ಹುರಿದ ಹಿಟ್ಟು ಹಾಕಿ ಗಟ್ಟಿ ಮಾಡಿರುತ್ತಾರೆ. ಏನೇನು ತಿನ್ನಬಾರದು ಎಂಬುದನ್ನು ಇಷ್ಟು ಅಚ್ಚುಕಟ್ಟಾಗಿ ಹೇಳುವ ಊರು ಏನು ತಿನ್ನಬಹುದು ಎಂದು ಕೇಳಿದರೆ ಮುಖ ನೋಡುತ್ತದೆ.

ಇನ್ನು ಅಕ್ಷರವಿಲ್ಲದ ತಿನಿಸು. ಕರಿದ ಆಲೂಗಡ್ಡೆಯ ಪಕ್ಕ ಎ ಇರಲಿಲ್ಲ. ಯಾವ ಎಣ್ಣೆಯಲ್ಲಿ ಕರಿಯುತ್ತೀರಿ ಎಂದು ಕೇಳಿದೆ. ಮಾಣಿ ಮೆನುವಿನ ಮೇಲೆ ಬೆರಳು ಕುಟ್ಟಿ ತೋರಿಸಿದ, ಎ ಇಲ್ಲ ನೋಡಿ ಎಂದು. ಅದು ಕಾಣಿಸುತ್ತದೆ ಮಾರಾಯ, ಎಣ್ಣೆ ಯಾವುದು? ಒಳಗೆ ಹೋಗಿ ಬಂದು ಹೇಳಿದ: ಶ್ನಿಟ್ಸೆಲ್ ಕರಿಯುವ ಎಣ್ಣೆಯೇ. ಅಂದರೆ ಗೋಧಿ ಹಿಟ್ಟಿನಲ್ಲಿ ಹೊರಳಿಸಿ, ಬ್ರೆಡ್ ಪುಡಿ ಮೆತ್ತಿದ ಮಾಂಸ ಬೆಂದು, ಆ ಪುಡಿ ಕಪ್ಪಾಗಿ ತೇಲುತ್ತಿರುವ ಎಣ್ಣೆ. ಅಕ್ಷರ ಲೆಕ್ಕ ಹಿಡಿಯುವುದು ಪಾಕವಿಧಾನದಲ್ಲಿ ಇರುವುದನ್ನು ಮಾತ್ರ. ಬಾಣಲೆ, ಚಾಕು, ಕತ್ತರಿಸುವ ಹಲಗೆ, ಹಿಟ್ಟು ಹಾರುವ ಅಡುಗೆಮನೆ ಇವ್ಯಾವುದೂ ಅದರ ಲೆಕ್ಕಕ್ಕಿಲ್ಲ. ಅದೇ ಒಕ್ಕೂಟದ ಇನ್ನೊಂದು ನಿಯಮದಂತೆ ಗ್ಲುಟೆನ್ ರಹಿತ ಎಂದು ಹೇಳಿಕೊಳ್ಳಬೇಕಾದರೆ ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರುವಂತಿಲ್ಲ. ಒಂದು ಕಡೆ ಮಿಲಿಗ್ರಾಂ ಲೆಕ್ಕ, ಇನ್ನೊಂದು ಕಡೆ ಆ ಬಾಣಲೆ. ನಡುವೆ ನಿಂತವಳು ನಾನು, ಹಸಿದುಕೊಂಡು.

ಮಾಹಿತಿಯನ್ನು ಬರೆಯದೆ ಬಾಯಿಮಾತಿನಲ್ಲಿ ಹೇಳಿದರೂ ಆದೀತು, ಹೇಳುವವರಿಗೆ ತರಬೇತಿ ಆಗಿರಬೇಕು ಎಂದು ಆಸ್ಟ್ರಿಯಾದ ಕಾನೂನು ರಿಯಾಯಿತಿ ಕೊಡುತ್ತದೆ. ಆ ತರಬೇತಿಯ ಫಲವನ್ನೂ ಉಂಡೆ. ಇದು ಗೋಧಿಯಲ್ಲ, ಡಿಂಕೆಲ್, ನಿಮಗೆ ತೊಂದರೆಯಾಗದು ಎಂದು ನಗುನಗುತ್ತಾ ಬ್ರೆಡ್ ತಂದಿಟ್ಟವರಿದ್ದಾರೆ. ಡಿಂಕೆಲ್ ಗೋಧಿಯದೇ ಹಳೆಯ ತಳಿ! ಗ್ಲುಟೆನ್ ಅದರಲ್ಲೂ ಭರ್ತಿ ಇದೆ. ಜರ್ಮನ್ ಭಾಷೆಯಲ್ಲೇ ಮುದ್ರಿಸಿದ ಚೀಟಿ ನನ್ನ ಕೈಯಲ್ಲಿತ್ತು, ಕಾಯಿಲೆಯ ಹೆಸರು, ತಿನ್ನಬಾರದ ಧಾನ್ಯಗಳು, ಪಾತ್ರೆ ಬೇರೆ ಇರಬೇಕೆಂಬ ಕೋರಿಕೆ ಎಲ್ಲ ಅದರಲ್ಲಿದ್ದವು. ಡಿಂಕೆಲ್ ಹೆಸರೂ ಇತ್ತು. ಓದಿ, ತಲೆಯಾಡಿಸಿ, ಅದನ್ನೇ ತಂದಿಟ್ಟರೆ ಯಾರಿಗೆ ದೂರಬೇಕು?

ಇದರ ಮೇಲೆ ನಾನು ಸಸ್ಯಾಹಾರಿ. ಇಲ್ಲಿಂದ ಮುಂದೆ ಕೋಪ ತಡೆಯುವುದು ಕಷ್ಟ. ಮಾಂಸ ತಿನ್ನುವ ಸೀಲಿಯಾಕ್ ರೋಗಿಗೆ ಬೇಯಿಸಿದ ಮಾಂಸ, ಪಕ್ಕದಲ್ಲೊಂದು ಆಲೂಗಡ್ಡೆ ಎಂದು ಏನಾದರೂ ಹೊಂದುತ್ತದೆ. ಗೋಧಿ ತಿನ್ನುವ ಸಸ್ಯಾಹಾರಿಗೆ ಚೀಸ್ ಹಾಕಿದ ಶ್ಪೆಟ್ಸ್ಲೆ ಎಂಬ ಗೋಧಿ ಹಿಟ್ಟಿನ ತುಣುಕುಗಳ ಊಟ ಸಿಗುತ್ತದೆ. ಎರಡೂ ಕೂಡಿದವರು ಮನುಷ್ಯರೇ ಅಲ್ಲ. ಆಲೂಗಡ್ಡೆ ಸಲಾಡ್‌ಗೆ ಎ ಇಲ್ಲವೆಂದು ಹಿಗ್ಗಿದರೆ ಅದನ್ನು ಕಲಸುವುದು ದನದ ಮಾಂಸದ ಸಾರಿನಲ್ಲಿ. ಹಸಿರು ಎಲೆಯ ಗುರುತು ಹಾಕಿದ ಸಸ್ಯಾಹಾರಿ ಶ್ನಿಟ್ಸೆಲ್ ಎಂಬುದೊಂದಿದೆ, ಅದನ್ನು ಮಾಡಿರುವುದು ಸೈಟಾನ್‌ನಿಂದ. ಗೋಧಿ ಹಿಟ್ಟನ್ನು ತೊಳೆದು ತೊಳೆದು ಪಿಷ್ಟವೆಲ್ಲ ಹೋದ ಮೇಲೆ ಉಳಿಯುವ ಅಂಟೇ ಸೈಟಾನ್. ಅಪ್ಪಟ ಗ್ಲುಟೆನ್, ಅದನ್ನು ಮತ್ತೆ ಬ್ರೆಡ್ ಪುಡಿಯಲ್ಲಿ ಹೊರಳಿಸಿರುತ್ತಾರೆ. ನನ್ನಂಥವರನ್ನು ಮುಗಿಸಲೆಂದೇ ಯಾರೋ ಕೂತು ಕಂಡುಹಿಡಿದ ತಿನಿಸು. ವಿಮಾನದಲ್ಲೇ ಇದರ ಮುನ್ಸೂಚನೆ ಸಿಕ್ಕಿತ್ತು. ಟಿಕೆಟ್ ಕಾದಿರಿಸುವಾಗ ಗ್ಲುಟೆನ್ ರಹಿತ ಊಟಕ್ಕೊಂದು ಸಂಕೇತ, ಹಿಂದೂ ಸಸ್ಯಾಹಾರಕ್ಕೊಂದು ಸಂಕೇತ, ಆರಿಸಲು ಬಿಟ್ಟಿದ್ದು ಒಂದನ್ನೇ. ಗ್ಲುಟೆನ್ ರಹಿತ ಎಂದು ಆರಿಸಿದೆ. ತಟ್ಟೆಯ ಮುಚ್ಚಳ ತೆಗೆದರೆ ಕೋಳಿ.

ಭಾರತೀಯ ಹೋಟೆಲಿಗೆ ಹೋಗಬಹುದಿತ್ತಲ್ಲ ಎಂದೀರಿ. ಹೋಗಿದ್ದೆ. ಗೋಧಿ ಆಗುವುದಿಲ್ಲ ಎಂದು ಹಿಂದಿಯಲ್ಲೇ ಹೇಳಿದೆ. ಚಿಂತೆ ಬೇಡ ಮೇಡಂ, ನಾವು ಮೈದಾ ಬಳಸುವುದೇ ಇಲ್ಲ, ಶುದ್ಧ ಆಟಾ ಮಾತ್ರ ಎಂದರು. ಅನ್ನ, ಬೇಳೆ ಸಾಕು ಎಂದೆ. ಬೇಳೆಯ ಒಗ್ಗರಣೆಗೆ ಯಾವ ಇಂಗು ಎಂದು ಕೇಳಿದ್ದಕ್ಕೆ ಅಡುಗೆಯವರು ಹೊರಗೆ ಬಂದು, ಈ ಹೆಂಗಸಿಗೆ ತಲೆ ಸರಿಯಿದೆಯೇ ಎಂಬಂತೆ ನೋಡಿದರು. ಡಬ್ಬಿಯಲ್ಲಿ ಬರುವ ಇಂಗಿನ ಪುಡಿ ಶುದ್ಧ ಇಂಗಲ್ಲ, ಬಹಳಷ್ಟು ಕಂಪನಿಗಳು ಅದಕ್ಕೆ ಗೋಧಿ ಹಿಟ್ಟನ್ನೇ ಬೆರೆಸುತ್ತವೆ. ಇದು ನಮ್ಮ ಮನೆಗಳಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ, ಹಾಗಾಗಿ ಅವರ ಮೇಲೆ ಪೂರ್ತಿ ಸಿಟ್ಟಿಲ್ಲ. ಆದರೆ ಡಬ್ಬಿ ತಂದು ತೋರಿಸಿ ಎಂದರೆ ಇಷ್ಟೆಲ್ಲ ಕೇಳಬಾರದು ಎಂದರಲ್ಲ, ಅದರ ಮೇಲೆ ಇದೆ. ಬಿಳಿ ಅನ್ನಕ್ಕೆ ಮೊಸರು ಕಲಸಿಕೊಂಡು ತಿಂದು, ವಿಯೆನ್ನಾದ ಬೆಲೆಯಲ್ಲಿ ದುಡ್ಡು ಕೊಟ್ಟು ಬಂದೆ. ಮೇಲೆ ಭಕ್ಷೀಸು.

ವಸತಿಗೃಹದ ಬೆಳಗಿನ ತಿಂಡಿಯ ಕತೆ ಬೇರೆ. ಕೇಳಿಕೊಂಡದ್ದಕ್ಕೆ ಪ್ಲಾಸ್ಟಿಕ್‌ನಲ್ಲಿ ಮುಚ್ಚಿದ ಗ್ಲುಟೆನ್ ರಹಿತ ಬ್ರೆಡ್ ಕೊಟ್ಟರು, ಕೊಟ್ಟವರಿಗೆ ಪುಣ್ಯ ಬರಲಿ. ಬಿಸಿ ಮಾಡಿಕೊಳ್ಳಿ ಎಂದು ತೋರಿಸಿದ್ದು ಎಲ್ಲರ ಬ್ರೆಡ್ಡೂ ಹಾದುಹೋಗುವ ಟೋಸ್ಟರನ್ನು. ಬೆಣ್ಣೆಯ ಬಟ್ಟಲ ತುಂಬ ಬ್ರೆಡ್ ಚೂರು, ಜೇನಿನ ಚಮಚಕ್ಕೂ ಅದೇ.

ಕಾಫಿ ಹೌಸುಗಳನ್ನು ಕೇಳಲೇಬೇಡಿ. ವಿಯೆನ್ನಾದ ಕಾಫಿ ಹೌಸ್ ಸಂಸ್ಕೃತಿಯನ್ನು 2011ರಲ್ಲಿ ಆ ದೇಶದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ. ಅಮೃತಶಿಲೆಯ ಮೇಜು, ಗಾಜಿನ ಹಿಂದೆ ಸಾಲು ಸಾಲು ಕೇಕು. ಹಿಟ್ಟಿಲ್ಲದೆ ಬರೀ ಕಾಯಿಬೀಜದಲ್ಲಿ ಮಾಡಿದ ಕೇಕೊಂದು ಇದೆ ಎಂದು ಆಸೆ ಹುಟ್ಟಿಸಿದರು. ಅಚ್ಚಿಗೆ ಏನು ಸವರುತ್ತೀರಿ ಎಂದೆ. ಬೆಣ್ಣೆ ಸವರಿ ಹಿಟ್ಟು ಉದುರಿಸುತ್ತೇವೆ ಎಂದರು. ನನ್ನ ಪಾಲಿಗೆ ಬಂದ ಪರಂಪರೆ ಕಾಫಿ, ಜೊತೆಗೊಂದು ಲೋಟ ನೀರು.

ಗ್ಲುಟೆನ್ ರಹಿತ ಬೇಕರಿಗಳು ಆ ಊರಿನಲ್ಲಿ ಇಲ್ಲವೆಂದಲ್ಲ, ಇವೆ, ಚೆನ್ನಾಗಿಯೂ ಇವೆ. ರಾತ್ರಿಯ ಊಟಕ್ಕೆ ಕೇಕು ತಿನ್ನುವವರಿಗೆ ಹಬ್ಬ. ಅಂಗಡಿಯಲ್ಲಿ ಸಾಮಾನು ಕೊಂಡು ಕೋಣೆಯಲ್ಲಿ ತಿನ್ನೋಣವೆಂದರೆ ಶನಿವಾರ ಸಂಜೆ ಆರಕ್ಕೆ ಸೂಪರ್ ಮಾರ್ಕೆಟ್‌ಗಳೆಲ್ಲ ಬಾಗಿಲು ಹಾಕುತ್ತವೆ, ಭಾನುವಾರ ತೆರೆಯುವುದೇ ಇಲ್ಲ. ತೆರೆದಿರುವುದು ರೈಲು ನಿಲ್ದಾಣದ ಅಂಗಡಿಗಳು. ಭಾನುವಾರ ಇಡೀ ಊರು ಅಲ್ಲೇ ಸಾಲು ನಿಂತಿರುತ್ತದೆ. ಆ ಸಾಲಿನಲ್ಲಿ ನಿಂತು ಬಾಳೆಹಣ್ಣು, ಮೊಸರು ಕೊಂಡೆ. ಬೀದಿಯಲ್ಲಿ ಚೆಸ್ಟ್‌ನಟ್ ಮತ್ತು ಆಲೂಗಡ್ಡೆ ಸುಡುವ ಗಾಡಿಗಳು ಚಳಿಗಾಲದಲ್ಲಿ ಇರುತ್ತವೆ, ನಾನು ನೆಮ್ಮದಿಯಾಗಿ ಹೊಟ್ಟೆ ತುಂಬಿಸಿಕೊಂಡದ್ದು ಅಲ್ಲಿಯೇ. ಅಲ್ಲಿ ಅಕ್ಷರವೂ ಇರಲಿಲ್ಲ, ತರಬೇತಿಯೂ ಇರಲಿಲ್ಲ.

ಹೊಟ್ಟೆ ಉರಿಯುವುದು ಏಕೆಂದರೆ ಇದು ಆಗದ ಕೆಲಸವಲ್ಲ. ಪಕ್ಕದ ಇಟಲಿ ಪಾಸ್ತಾ, ಪಿಜ್ಜಾಗಳ ದೇಶ. ಅಲ್ಲಿ 2005ರಲ್ಲೇ ಸೀಲಿಯಾಕ್ ರೋಗಿಗಳಿಗೆಂದು ಕಾನೂನು ಮಾಡಿ, ಶಾಲೆ, ಆಸ್ಪತ್ರೆ, ಸರ್ಕಾರಿ ಕ್ಯಾಂಟೀನುಗಳಲ್ಲಿ ಕೇಳಿದವರಿಗೆ ಗ್ಲುಟೆನ್ ರಹಿತ ಊಟ ಸಿಗಬೇಕು ಎಂದರು. ರೋಗಿಗಳ ಸಂಘವೇ ಹೋಟೆಲಿನವರಿಗೆ ಬೇರೆ ಪಾತ್ರೆ, ಪಾಸ್ತಾ ಬೇಯಿಸಲು ಬೇರೆ ನೀರು ಎಂದು ಪಾಠ ಹೇಳಿ, ಅಂಥ ಹೋಟೆಲುಗಳ ಪಟ್ಟಿ ಮಾಡುತ್ತದೆ. ಅಷ್ಟು ದೂರವೂ ಬೇಡ. ಆಸ್ಟ್ರಿಯಾದೊಳಗೇ ದಕ್ಷಿಣ ಭಾಗದ ಸ್ಟೈರಿಯಾ ಪ್ರಾಂತ್ಯದಲ್ಲಿ ಮೆಕ್ಕೆಜೋಳದ, ಹೆಸರಲ್ಲಿ ವೀಟ್ ಇದ್ದರೂ ಗೋಧಿಯಲ್ಲದ ಬಕ್‌ವೀಟ್‌ನ ಹಿಟ್ಟು ಬೇಯಿಸಿ ಸ್ಟೆರ್ಟ್ಸ್ ಮಾಡುತ್ತಾರೆ, ನಮ್ಮ ಮುದ್ದೆಯ ದಾಯಾದಿಯೇ ಸರಿ. ಇವರದೇ ರೈತರ ಊಟ, ಹುಟ್ಟಿನಿಂದಲೇ ಗ್ಲುಟೆನ್ ಇಲ್ಲದ್ದು. ರಾಜಧಾನಿಯಲ್ಲಿ ಪ್ರವಾಸಿಗಳಿಗೆ ಚಾಚುವ ಮೆನುವಿನಲ್ಲಿ ಅದನ್ನು ಹುಡುಕಿ ನೋಡಿ.

ಇಷ್ಟೆಲ್ಲದರ ನಡುವೆ ಇನ್ನೊಂದು ಕುಲವಿದೆ: ಗ್ಲುಟೆನ್ ರಹಿತ ಬ್ರೆಡ್ಡೇ ಬೇಕೆಂದು ಹಟ ಹಿಡಿದು ತರಿಸಿಕೊಂಡು, ಊಟದ ಕೊನೆಗೆ ಒಂದು ತುತ್ತಿಗೇನಾಗುತ್ತದೆ ಎಂದು ಕೇಕು ಬಾಯಿಗಿಡುವವರು. ಅವರನ್ನು ಕಂಡ ಮಾಣಿ ನನ್ನನ್ನು ನಂಬುವುದಾದರೂ ಹೇಗೆ? ಕಾಯಿಲೆಯೋ ಇಷ್ಟವೋ ಎಂದು ಹುಬ್ಬೇರಿಸಿ ಕೇಳುತ್ತಾನೆ. ಜೊತೆಗೆ ಬಂದ ನಮ್ಮವರೂ ಕಡಿಮೆಯಿಲ್ಲ: ಇಷ್ಟು ದೂರ ಬಂದು ಸ್ಟ್ರೂಡಲ್ ತಿನ್ನದೆ ಹೋಗುತ್ತೀಯಾ, ದೇವರ ಮೇಲೆ ಭಾರ ಹಾಕಿ ತಿನ್ನು. ಆಮೇಲೆ ವಾರಗಟ್ಟಲೆ ಶೌಚಾಲಯದ ಬಾಗಿಲು ಹಾಕಿಕೊಂಡು ಕೂರುವುದು ದೇವರಲ್ಲ, ನಾನು.

ಸಲಹೆ ಕೊಡುವವರು ಧಾರಾಳವಾಗಿ ಕೊಡಿ. ಸಲಾಡ್ ತಿನ್ನಬಹುದಿತ್ತಲ್ಲ ಎಂದು ಮಾತ್ರ ಹೇಳಬೇಡಿ. ಅದರ ಮೇಲೂ ಹುರಿದ ಬ್ರೆಡ್ ತುಂಡು ಉದುರಿಸಿರುತ್ತಾರೆ. ಬೇರೆ ಕೊಡಿ ಎಂದು ಹಿಂದಕ್ಕೆ ಕಳಿಸಿದರೆ ಒಳಗೆ ಒಯ್ದು, ಒಂದೊಂದೇ ತುಂಡನ್ನು ಕೈಯಿಂದ ಹೆಕ್ಕಿ ತೆಗೆದು, ಅದೇ ತಟ್ಟೆಯನ್ನು ವಾಪಸು ತಂದಿಡುತ್ತಾರೆ.